ಹೊಸ ಎಚ್‌ಡಿ ಟಿವಿ, ಹಳೇ ಮಬ್ಬು ಚಿತ್ರ: ಕರಾವಳಿ ಮನೆಗೆ ಜೋಡಣೆಯ ಸರಿಯಾದ ಕ್ರಮ

ಕಳೆದ ದೀಪಾವಳಿ ಮುಗಿದ ವಾರ ಉಡುಪಿಯಿಂದ ಅತ್ತಿಗೆ ಫೋನ್ ಮಾಡಿದರು. "ಐವತ್ತೈದು ಇಂಚಿನದ್ದು ತಂದೆವು ಮಾರಾಯ. ಚಿತ್ರ ಮಾತ್ರ ಹಳೇ ಡಬ್ಬದ್ದಕ್ಕಿಂತ ಕಡೆ." ಹೋಗಿ ನೋಡಿದೆ. ಟಿವಿ 4ಕೆ. ಅದರ ಕೆಳಗೆ ಹತ್ತು ವರ್ಷ ಹಳೆಯ ಸಾದಾ ಸೆಟ್‌ಟಾಪ್ ಬಾಕ್ಸ್. ಎರಡರ ನಡುವೆ ಹಳದಿ, ಕೆಂಪು, ಬಿಳಿ ಪಿನ್ನಿನ ವೈರು. ಇದೇ ದೃಶ್ಯವನ್ನು ನಾನು ಸುರತ್ಕಲ್‌ನಲ್ಲಿ ನೋಡಿದ್ದೇನೆ, ಕಾಪುವಿನಲ್ಲಿ ನೋಡಿದ್ದೇನೆ, ತೊಕ್ಕೊಟ್ಟಿನಲ್ಲೂ ನೋಡಿದ್ದೇನೆ.

ತಪ್ಪು ಟಿವಿಯದ್ದಲ್ಲ, ಕ್ರಮದ್ದು. ಎಲ್ಲರೂ ಮೊದಲು ಟಿವಿ ಕೊಳ್ಳುತ್ತಾರೆ. ಉಳಿದದ್ದನ್ನು "ಆಮೇಲೆ ನೋಡುವ" ಎಂದು ಬಿಡುತ್ತಾರೆ. ಎಚ್‌ಡಿ ಚಿತ್ರ ನಿಮ್ಮ ಕಣ್ಣಿಗೆ ಬರುವ ಮೊದಲು ಐದು ಕಡೆ ದಾಟಬೇಕು: ಚಾನೆಲ್, ಡಿಶ್ ಅಥವಾ ಕೇಬಲ್ ಅಥವಾ ಇಂಟರ್ನೆಟ್, ಬಾಕ್ಸ್, ವೈರು, ಕೊನೆಗೆ ಟಿವಿ. ಇದರಲ್ಲಿ ಒಂದೇ ಒಂದು ಹಳೆಯದಿದ್ದರೂ ನೀವು ನೋಡುವುದು ಹಳೇ ಚಿತ್ರವೇ.

ಹಳೆಯದಕ್ಕಿಂತ ಕಡೆ ಕಾಣುವುದು ಯಾಕೆ ಅಂತ ಅತ್ತಿಗೆ ಕೇಳಿದರು. ಲೆಕ್ಕ ಸುಲಭ. ಸಾದಾ ಚಾನೆಲ್‌ನ ಚಿತ್ರದಲ್ಲಿ ಇರುವುದು 720 × 576 ಚುಕ್ಕಿಗಳು. 4ಕೆ ಪರದೆಯಲ್ಲಿ 3840 × 2160. ಅಂದರೆ ಸರಿಯಾಗಿ 20 ಪಟ್ಟು. ಒಂದು ಚುಕ್ಕಿಯನ್ನು ಇಪ್ಪತ್ತು ಚುಕ್ಕಿಗಳ ಜಾಗಕ್ಕೆ ಎಳೆದು ಹಾಸಬೇಕು. ಸಣ್ಣ ಡಬ್ಬದಲ್ಲಿ ಮುಚ್ಚಿಹೋಗುತ್ತಿದ್ದ ಕೊರತೆ ದೊಡ್ಡ ಪರದೆಯಲ್ಲಿ ಬಯಲಿಗೆ ಬೀಳುತ್ತದೆ, ಅಷ್ಟೇ.

ಮೊದಲು ಕೈಯಲ್ಲಿ ಇರಬೇಕಾದ ಸಾಮಾನು

ಅಳತೆ ಟೇಪು, ಕಾಂಪಸ್ ಇರುವ ಮೊಬೈಲು, 10 ಮತ್ತು 13ರ ಸ್ಪ್ಯಾನರ್, ಕರೆಂಟಿನ ಟೆಸ್ಟರ್, ಒಂದು ಸುತ್ತು ಸೆಲ್ಫ್ ಬಾಂಡಿಂಗ್ ರಬ್ಬರ್ ಟೇಪು. ಈ ಕೊನೆಯದ್ದು ಅಂಟು ಇಲ್ಲದ ಕಪ್ಪು ಟೇಪು. ಎಳೆದು ಸುತ್ತಿದರೆ ತನಗೆ ತಾನೇ ಕಚ್ಚಿಕೊಳ್ಳುತ್ತದೆ. ಮಾಮೂಲಿ ಇನ್ಸುಲೇಷನ್ ಟೇಪು ನಮ್ಮ ಮಳೆಗೆ ಒಂದು ಆಟಿ (ಜುಲೈ–ಆಗಸ್ಟ್) ತಿಂಗಳೂ ತಡೆಯುವುದಿಲ್ಲ.

ಹಂತ 1: ಕುಳಿತುಕೊಳ್ಳುವ ಜಾಗ ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಸೋಫಾದಿಂದ ಟಿವಿ ಬರುವ ಗೋಡೆಗೆ ಎಷ್ಟು ಅಡಿ ಎಂದು ಬರೆದಿಡಿ. ನಮ್ಮ ಚಾವಡಿಗಳಲ್ಲಿ ಇದು ಸಾಮಾನ್ಯವಾಗಿ 8ರಿಂದ 10 ಅಡಿ.

ಕಣ್ಣಿಗೂ ಒಂದು ಮಿತಿ ಇದೆ. ಫುಲ್ ಎಚ್‌ಡಿಯ, ಅಂದರೆ 1920 × 1080ರ, ಪೂರ್ತಿ ಸೂಕ್ಷ್ಮ ಕಾಣಬೇಕಾದರೆ ಪರದೆಯ ಎತ್ತರದ ಸುಮಾರು ಮೂರು ಪಟ್ಟು ದೂರದ ಒಳಗೆ ಕೂರಬೇಕು. 32 ಇಂಚಿಗೆ ಅದು 4 ಅಡಿ. 43 ಇಂಚಿಗೆ ಐದೂವರೆ ಅಡಿ. 55 ಇಂಚಿಗೆ 7 ಅಡಿ. ಹಾಗಾಗಿ 9 ಅಡಿ ದೂರದಿಂದ 32 ಇಂಚಿನ ಟಿವಿ ನೋಡುವವರಿಗೆ ಅದು ಕಡಿಮೆ ಚುಕ್ಕಿಯ "ಎಚ್‌ಡಿ ರೆಡಿ" ಆದರೂ ಒಂದೇ, "ಫುಲ್ ಎಚ್‌ಡಿ" ಆದರೂ ಒಂದೇ. ಅಂಗಡಿಯಲ್ಲಿ ಎರಡು ಅಡಿ ಹತ್ತಿರ ನಿಂತು ನೋಡಿದ ವ್ಯತ್ಯಾಸ ಮನೆಯಲ್ಲಿ ಮಾಯ. ಆ ಹಣವನ್ನು ದೊಡ್ಡ ಅಳತೆಗೆ ಹಾಕಿ.

ಹಂತ 2: ಏನು ನೋಡುತ್ತೀರಿ, ಅದು ಎಲ್ಲಿಂದ ಬರುತ್ತದೆ?

ಮನೆಯವರನ್ನೆಲ್ಲ ಕೂರಿಸಿ ಹೆಚ್ಚು ನೋಡುವ ಹತ್ತು ಚಾನೆಲ್ ಪಟ್ಟಿ ಮಾಡಿ. ಕಲರ್ಸ್ ಕನ್ನಡ, ಜೀ ಕನ್ನಡ, ಉದಯ, ಸ್ಟಾರ್ ಸುವರ್ಣ ಎಲ್ಲಕ್ಕೂ ಎಚ್‌ಡಿ ರೂಪ ಇದೆ. ಕ್ರಿಕೆಟ್ ಚಾನೆಲ್‌ಗಳಿಗೂ ಇದೆ. ಕನ್ನಡ ವಾರ್ತಾ ಚಾನೆಲ್‌ಗಳು ಹೆಚ್ಚಿನವು ಸಾದಾ. ಅಪ್ಪ ಬೆಳಗ್ಗಿನಿಂದ ರಾತ್ರಿವರೆಗೆ ವಾರ್ತೆ ಮಾತ್ರ ನೋಡುವವರಾದರೆ ಎಚ್‌ಡಿಗೆ ಹಾಕಿದ ದುಡ್ಡು ಸುಮ್ನೆ ಹೋದ ಹಾಗೆ.

ಇಲ್ಲಿ ಒಂದು ಊರಿನ ತೊಡಕು ಉಂಟು. ಕಂಬಳ, ಯಕ್ಷಗಾನ, ಊರಿನ ಜಾತ್ರೆ ತೋರಿಸುವ ಲೋಕಲ್ ತುಳು ಚಾನೆಲ್‌ಗಳು ಹೆಚ್ಚಾಗಿ ಕೇಬಲಿನಲ್ಲಿ ಸಿಗುತ್ತವೆ. ಡಿಶ್ ಹಾಕಿಸಿ ಕೇಬಲ್ ತೆಗೆಸಿದ ಮೇಲೆ ಮನೆಯ ಹಿರಿಯರು ಮುಖ ಊದಿಸಿಕೊಂಡದ್ದನ್ನು ನಾನು ಎರಡು ಮನೆಯಲ್ಲಿ ಕಂಡಿದ್ದೇನೆ. ಮೊದಲೇ ಕೇಳಿಬಿಡಿ. ಇವುಗಳಲ್ಲಿ ಹಲವು ಈಗ ಯೂಟ್ಯೂಬಿನಲ್ಲೂ ನೇರ ಬರುತ್ತವೆ. ಇಂಟರ್ನೆಟ್ ಚೆನ್ನಾಗಿದ್ದರೆ ಆ ದಾರಿಯೂ ಸಾಕು.

ಇಂಟರ್ನೆಟ್ ಮೂಲಕ ನೋಡುವವರು ಎರಡು ಲೆಕ್ಕ ನೆನಪಿಡಿ. ಫುಲ್ ಎಚ್‌ಡಿಗೆ 5 ಎಂಬಿ‌ಪಿಎಸ್, 4ಕೆಗೆ 15 ಎಂಬಿ‌ಪಿಎಸ್ ವೇಗ ಒಂದೇ ಸಮ ಬರಬೇಕು ಎಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಎಚ್‌ಡಿಗೆ ಗಂಟೆಗೆ ಸುಮಾರು 3 ಜಿಬಿ ಖರ್ಚು. ಮೊಬೈಲಿನ ದಿನಕ್ಕೆ 1.5 ಜಿಬಿ ಪ್ಯಾಕಿನಿಂದ ಅರ್ಧ ಗಂಟೆ ನೋಡಬಹುದು, ಅಷ್ಟರಲ್ಲಿ ಮುಗಿಯಿತು. ಫೈಬರ್ ಲೈನೇ ಬೇಕು. ಪ್ಯಾಕನ್ನೂ ನೋಡಿಕೊಳ್ಳಿ. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಯಾಕ್ ಟಿವಿಯಲ್ಲಿ ತೆರೆಯುವುದೇ ಇಲ್ಲ, ಬೇಸಿಕ್ ಪ್ಯಾಕ್ 1280 × 720ಕ್ಕೇ ನಿಲ್ಲುತ್ತದೆ.

ಇನ್ನೊಂದು, ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ. ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸೋತು ಸುಣ್ಣ ಆಗುತ್ತದೆ. ರೂಟರ್ ಜಗಲಿಯಲ್ಲಿ, ಟಿವಿ ಒಳಗಿನ ಕೋಣೆಯಲ್ಲಿ ಅಂತಾದರೆ ವೈಫೈ ಜೊತೆ ಗುದ್ದಾಡಬೇಡಿ. ರೂಟರ್‌ನಿಂದ ಟಿವಿಗೆ ನೇರ ಲ್ಯಾನ್ ವೈರು ಎಳೆಯಿರಿ.

ಹಂತ 3: ಡಿಶ್ ಎಲ್ಲಿ ನಿಲ್ಲಬೇಕು

ಹೆಚ್ಚು ಜನ ಎಡವುವುದು ಇಲ್ಲೇ. ಇಲ್ಲಿ ನಿಧಾನಿಸಿ.

ನಮ್ಮ ಊರಿನ ಡಿಶ್‌ಗಳೆಲ್ಲ ಕಡಲಿಗೆ ಬೆನ್ನು ಹಾಕಿ ಘಟ್ಟದ ಕಡೆ ನೋಡುತ್ತವೆ. ಕಾರಣ, ಮಂಗಳೂರು ಇರುವುದು 75 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ. ಉಪಗ್ರಹಗಳು ಅದಕ್ಕಿಂತ ಪೂರ್ವದಲ್ಲಿವೆ. ಟಾಟಾ ಪ್ಲೇಯದ್ದು 83 ಡಿಗ್ರಿಯಲ್ಲಿ, ಡಿಡಿ ಫ್ರೀ ಡಿಶ್‌ನ ಜಿಸ್ಯಾಟ್-15 93.5 ಡಿಗ್ರಿಯಲ್ಲಿ, ಏರ್‌ಟೆಲ್‌ನದ್ದು 108.2 ಡಿಗ್ರಿಯಲ್ಲಿ. ನಮ್ಮಲ್ಲಿಂದ ನೋಡಿದರೆ ಮೊದಲನೆಯದು ಆಗ್ನೇಯದಿಂದ ತುಸು ದಕ್ಷಿಣಕ್ಕೆ, ಕೊನೆಯದು ಹೆಚ್ಚುಕಮ್ಮಿ ಪೂರ್ವಕ್ಕೆ. ಮೊಬೈಲಿನ ಕಾಂಪಸ್ ಹಿಡಿದು ಆ ದಿಕ್ಕಿನಲ್ಲಿ ಏನು ಅಡ್ಡ ಇದೆ ನೋಡಿ. ಕಬ್ಬಿಣದ ಕಂಬದ ಪಕ್ಕ ನಿಂತು ನೋಡಬೇಡಿ, ಮುಳ್ಳು ಸುಳ್ಳು ಹೇಳುತ್ತದೆ. ಎರಡು ಮೀಟರ್ ಸರಿದು ನಿಲ್ಲಿ.

ಅಡ್ಡ ಬರುವುದು ಸಾಮಾನ್ಯವಾಗಿ ತೆಂಗು. ಎಷ್ಟು ದೂರ ಇದ್ದರೆ ಸಾಕು? ಫ್ರೀ ಡಿಶ್‌ನ ಉಪಗ್ರಹ ನಮ್ಮ ಆಕಾಶದಲ್ಲಿ ಸುಮಾರು 64 ಡಿಗ್ರಿ ಎತ್ತರದಲ್ಲಿದೆ. ಡಿಶ್‌ಗಿಂತ 10 ಮೀಟರ್ ಎತ್ತರದ ಮರ 5 ಮೀಟರ್ ಆಚೆ ಇದ್ದರೆ ತೊಂದರೆ ಇಲ್ಲ. 108.2 ಡಿಗ್ರಿಯದ್ದು ಸುಮಾರು 49 ಡಿಗ್ರಿ ಎತ್ತರದಲ್ಲಿ ಮಾತ್ರ ಇರುವುದರಿಂದ ಅದೇ ಮರ 9 ಮೀಟರ್ ಆಚೆ ಇರಬೇಕು. ಈ ದೂರವನ್ನು ಕಾಂಡದಿಂದ ಅಳೆಯಬೇಡಿ, ಗರಿಯ ತುದಿಯಿಂದ ಅಳೆಯಿರಿ. ಗಾಳಿಗೆ ಗರಿ ಬೀಸಿದಾಗ ಚಿತ್ರ ಬಿಟ್ಟು ಬಿಟ್ಟು ಬರುವುದು ಇದೇ ಕಾರಣಕ್ಕೆ. ಹಾಗೆಯೇ ಡಿಶ್ ನಿಂತ ಭಂಗಿ ನೋಡಿ ಮೋಸ ಹೋಗಬೇಡಿ. ಅದು ಗೋಡೆಯ ಕಡೆ ನೋಡುವ ಹಾಗೆ ಕಂಡರೂ, ತಟ್ಟೆಯ ವಕ್ರತೆಯಿಂದಾಗಿ ನಿಜವಾಗಿ ಕಂಡದ್ದಕ್ಕಿಂತ 20 ಡಿಗ್ರಿಗೂ ಜಾಸ್ತಿ ಮೇಲಕ್ಕೆ ನೋಡುತ್ತಿರುತ್ತದೆ.

ಹಂಚಿನ ಮಾಡಿನ ಮೇಲೆ, ಪಕಾಸಿಗೆ (ಹಂಚು ಹೊರುವ ಮರಕ್ಕೆ) ಕಟ್ಟಿ ಡಿಶ್ ನಿಲ್ಲಿಸುವುದು ಬೇಡವೇ ಬೇಡ. ಒಂದು ಗಾಳಿಗೆ ಅರ್ಧ ಡಿಗ್ರಿ ಅಲುಗಿದರೂ ಸಿಗ್ನಲ್ ಇಳಿಯುತ್ತದೆ, ಜೊತೆಗೆ ಹಂಚು ಒಡೆದು ಸೋರುತ್ತದೆ. ಅಂಗಳದಲ್ಲಿ ಕಾಂಕ್ರೀಟಿನಲ್ಲಿ ನೆಟ್ಟ ಜಿಐ ಪೈಪಿನ ಕಂಬ ಅದಕ್ಕಿಂತ ಎಷ್ಟೋ ಮೇಲು. ಟೆರೇಸ್ ಇದ್ದರೆ ಪ್ಯಾರಪೆಟ್ ಗೋಡೆಯ ಒಳಬದಿ ಒಳ್ಳೆಯದು. ಪಶ್ಚಿಮದ ಗಾಳಿ ನೇರ ಹೊಡೆಯುವುದಿಲ್ಲ, ಮುಂದೆ ಕೈಗೂ ಸಿಗುತ್ತದೆ.

ಮಲ್ಪೆ, ಉಳ್ಳಾಲ, ಪಣಂಬೂರಿನಂಥ ಕಡಲ ತಡಿಯ ಮನೆಗಳಲ್ಲಿ ಉಪ್ಪಿನ ಗಾಳಿಗೆ ಮೊದಲು ಹೋಗುವುದು ತಟ್ಟೆಯಲ್ಲ, ಬೋಲ್ಟು. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ನೀವೇ ತಂದುಕೊಡಿ. ಖರ್ಚು ಜುಜುಬಿ. ಮತ್ತೆ ಹೋಗುವುದು ಕೇಬಲ್ ಎಲ್‌ಎನ್‌ಬಿಗೆ ಸೇರುವ ಜಾಗ. ಎಲ್‌ಎನ್‌ಬಿ ಅಂದರೆ ಡಿಶ್‌ನ ಕೈಯ ತುದಿಯಲ್ಲಿರುವ ಆ ಪುಟ್ಟ ಡಬ್ಬಿ. ಅಲ್ಲಿ ತಿರುಪು ಬಿಗಿಯಾದ ಮೇಲೆ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಮಾಡಿಗೆ ಹಂಚು ಹೊದಿಸಿದ ಹಾಗೆ, ಮೇಲಿನ ಸುತ್ತು ಕೆಳಗಿನದ್ದರ ಮೇಲೆ ಬರಬೇಕು. ಕೇಬಲ್ ಗೋಡೆಯ ತೂತಿಗೆ ನುಗ್ಗುವ ಮುನ್ನ ಒಂದು ಗೇಣು ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಏರಿ ಒಳಗೆ ಹೋಗಬೇಕು. ನೀರು ಆ ಜೋತಿನಲ್ಲೇ ತೊಟ್ಟಿಕ್ಕುತ್ತದೆ, ಮನೆಯೊಳಗೆ ಬರುವುದಿಲ್ಲ.

ಕೇಬಲ್ ಆರ್‌ಜಿ-6 ಆಗಿರಲಿ, ಮಧ್ಯೆ ಜೋಡಣೆ ಇರದೆ ಒಂದೇ ತುಂಡು ಇರಲಿ, 30 ಮೀಟರಿನ ಒಳಗೆ ಮುಗಿಯಲಿ.

ಮಳೆಗೆ ಚಿತ್ರ ಹೋಗುವುದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಡಿಶ್‌ಗೆ ಬರುವ ತರಂಗವನ್ನು ದಪ್ಪ ಮಳೆಹನಿ ನುಂಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು ನಮ್ಮದು. ಆದರೆ ಕಡಿಮೆ ಮಾಡಬಹುದು. 60 ಸೆಂಟಿಮೀಟರಿನ ತಟ್ಟೆಯ ಬದಲು 90ರದ್ದು ಹಾಕಿಸಿದರೆ ಹಿಡಿಯುವ ಜಾಗ ಎರಡೂಕಾಲು ಪಟ್ಟು. ಸಾಧಾರಣ ಮಳೆಗೆ ಚಿತ್ರ ಹೋಗದೆ ಉಳಿಯುತ್ತದೆ, ಜಡಿಮಳೆಗೆ ಹೋಗುತ್ತದೆ. ಅಂಗಳದಲ್ಲಿ ಮಳೆ ನಿಂತರೂ ಚಿತ್ರ ಬರಲಿಲ್ಲ ಅಂತ ಕಂಪನಿಯವರನ್ನು ಬೈಯಬೇಡಿ. ಮಳೆ ಪೂರ್ವಕ್ಕೆ ಸರಿದಿರುತ್ತದೆ. ಡಿಶ್ ನೋಡುವ ದಾರಿಯೂ ಅದೇ ಅಲ್ವಾ?

ಹಂತ 4: ಬಾಕ್ಸ್

ಬಾಕ್ಸಿನ ಮೇಲೆ ಎಚ್‌ಡಿ ಎಂದು ಬರೆದಿರಬೇಕು, ಹಿಂದೆ ಎಚ್‌ಡಿಎಂಐ ತೂತು ಇರಬೇಕು. ಎರಡೂ ಇದ್ದರೆ ಸಾಕಾಗಲಿಲ್ಲ. ನಿಮ್ಮ ಪ್ಯಾಕಿನಲ್ಲಿ ಎಚ್‌ಡಿ ಚಾನೆಲ್ ಇರಬೇಕು. ಬಾಕ್ಸ್ ಬದಲಾಯಿಸಿ ಪ್ಯಾಕ್ ಹಳೆಯದ್ದೇ ಉಳಿಸಿಕೊಂಡವರು ಬಹಳ ಜನ. ಸಾದಾ ಚಾನೆಲ್‌ಗೂ ಎಚ್‌ಡಿ ಚಾನೆಲ್‌ಗೂ ನಂಬರ್ ಬೇರೆ. ಅಮ್ಮನ ಕೈಗೆ ರಿಮೋಟ್ ಅಭ್ಯಾಸವಾಗಿರುವುದು ಹಳೇ ನಂಬರ್. ಹೊಸ ನಂಬರನ್ನು ಫೇವರಿಟ್ ಪಟ್ಟಿಗೆ ಹಾಕಿಕೊಡಿ.

ಒಂದು ಕಂಪನಿಯ ಬಾಕ್ಸ್ ಇನ್ನೊಂದಕ್ಕೆ ನಡೆಯುವುದಿಲ್ಲ. ಸೆಕೆಂಡ್‌ಹ್ಯಾಂಡ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಫ್ರೀ ಡಿಶ್‌ಗೆ ಬಾಕ್ಸ್ ಕೊಳ್ಳುವುದಾದರೆ ಎಂಪೆಗ್-4 ಎಂದು ಕೇಳಿ ಪಡೆಯಿರಿ. ಹಳೇ ಎಂಪೆಗ್-2 ಬಾಕ್ಸಿನಲ್ಲಿ ಹಲವು ಚಾನೆಲ್ ಕಾಣುವುದೇ ಇಲ್ಲ.

ಹಂತ 5: ಎಚ್‌ಡಿಎಂಐ ವೈರು

ಮೂರು ಬಣ್ಣದ ವೈರಿನಲ್ಲಿ ಎಚ್‌ಡಿ ದಾಟುವುದಿಲ್ಲ. ಎಷ್ಟು ದುಬಾರಿ ವೈರಾದರೂ ದಾಟುವುದಿಲ್ಲ. ಅದನ್ನು ಕಿತ್ತು ಡ್ರಾಯರಿನೊಳಗೆ ಹಾಕಿ.

ಎಚ್‌ಡಿಎಂಐ ವೈರು ಎರಡು ಮೀಟರಿನದ್ದು ಸಾಕು. ಚಿನ್ನದ ಲೇಪನಕ್ಕೆ ದುಡ್ಡು ಕೊಡಬೇಡಿ. ಸಿಗ್ನಲ್ ಡಿಜಿಟಲ್, ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಮಿಣುಕುತ್ತದೆ ಅಥವಾ ಕಪ್ಪಾಗುತ್ತದೆ. ಚಿನ್ನದ್ದು ಚಿತ್ರವನ್ನು ಇನ್ನಷ್ಟು ಚಂದ ಮಾಡುವುದಿಲ್ಲ.

ಹಂತ 6: ಈಗ ಟಿವಿ

ಅಳತೆ ಹಂತ 1ರಲ್ಲೇ ಸಿಕ್ಕಿದೆ. ಎಚ್‌ಡಿಎಂಐ ತೂತು ಕಡಿಮೆ ಅಂದರೂ ಮೂರು ಇರಲಿ. ಸೌಂಡ್‌ಬಾರ್ ಯೋಚನೆ ಇದ್ದರೆ ಒಂದರ ಪಕ್ಕ ಎಆರ್‌ಸಿ ಎಂದು ಬರೆದಿರಬೇಕು.

ಗೋಡೆಗೆ ನೇತುಹಾಕುವ ಮುನ್ನ ಎರಡು ಮಾತು. ಪಡುವಣ ದಿಕ್ಕಿನ ಹೊರಗೋಡೆ ಬೇಡ. ಜುಲೈಯಲ್ಲಿ ಆ ಗೋಡೆ ಬೆವರುತ್ತದೆ, ಟಿವಿಯ ಬೆನ್ನು ಅದಕ್ಕೇ ಒತ್ತಿಕೊಂಡಿರುತ್ತದೆ. ಎರಡನೆಯದು, ಮುರಕಲ್ಲು ಒಳಗೆ ಮೆತ್ತಗೆ, ಅಲ್ಲಲ್ಲಿ ತೂತು ತೂತು. ಪ್ಯಾಕೆಟಿನಲ್ಲಿ ಬರುವ ಗಿಡ್ಡ ಪ್ಲಾಸ್ಟಿಕ್ ಪ್ಲಗ್ ಹೊರಗಿನ ಗಾರೆಯನ್ನಷ್ಟೇ ಕಚ್ಚುತ್ತದೆ. ಡ್ರಿಲ್ ಮಾಡುವಾಗ ಬಿಟ್ ಬೆಣ್ಣೆಗೆ ಇಳಿದ ಹಾಗೆ ಸಲೀಸಾಗಿ ಇಳಿದು ಕೆಂಪು ಹುಡಿ ಉದುರಿದರೆ ನಿಲ್ಲಿಸಿ. ಅಲ್ಲಿ ಉದ್ದದ ಆಂಕರ್ ಬೇಕು. ನನ್ನ ಕೇಳಿದರೆ ಗೋಡೆಗಿಂತ ಗಟ್ಟಿ ಮರದ ಸ್ಟ್ಯಾಂಡೇ ಲೇಸು. ಹಿಂದಿನ ವೈರು ಕೈಗೆ ಸಿಗುತ್ತದೆ, ಮತ್ತು ನಮ್ಮಲ್ಲಿ ಆ ವೈರುಗಳನ್ನು ಆಗಾಗ ಕೀಳಬೇಕಾಗುತ್ತದೆ. ಯಾಕೆ ಅಂತ ಮುಂದೆ ಓದಿ.

ಹಂತ 7: ಕರೆಂಟು ಮತ್ತು ಸಿಡಿಲು

ಒಂದು ಮೇ ಸಂಜೆ. ಘಟ್ಟದ ಕಡೆ ಗುಡುಗು ಶುರುವಾಯಿತು. ನಾನು ಜಾಣ ಅಂತ ಟಿವಿಯದ್ದೂ ಬಾಕ್ಸಿನದ್ದೂ ಪ್ಲಗ್ ಕಿತ್ತೆ. ಡಿಶ್ ಕೇಬಲ್ ಮಾತ್ರ ಬಾಕ್ಸಿನ ಹಿಂದೆ ಹಾಗೇ ಇತ್ತು. ಹತ್ತಿರದ ತೆಂಗಿಗೆ ಸಿಡಿಲು ಬಿತ್ತು. "ಟಿಕ್" ಎಂಬ ಸಣ್ಣ ಸದ್ದು, ಸುಟ್ಟ ಪ್ಲಾಸ್ಟಿಕ್ ವಾಸನೆ. ಬಾಕ್ಸ್ ಹೋಯಿತು, ಎಚ್‌ಡಿಎಂಐ ವೈರಿನ ಮೂಲಕ ದಾಟಿ ಟಿವಿಯ ಬೋರ್ಡೂ ಹೋಯಿತು. ಪ್ಲಗ್ ಪಾಪ ನೆಲದ ಮೇಲೆ ಬಿದ್ದುಕೊಂಡಿತ್ತು.

ಹಾಗಾಗಿ ಏಪ್ರಿಲ್–ಮೇಯಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಗುಡುಗು ಕೇಳುವ ಮೊದಲೇ, ಮೋಡ ಕಟ್ಟುವಾಗಲೇ ಕ್ರಮ ಹೀಗೆ: ಮೊದಲು ಪ್ಲಗ್ ಕೀಳಿ, ಆಮೇಲೆ ಡಿಶ್ ಅಥವಾ ಕೇಬಲ್ ಟಿವಿಯ ವೈರು, ಆಮೇಲೆ ಎಚ್‌ಡಿಎಂಐ ಮತ್ತು ಲ್ಯಾನ್. ಕಿತ್ತ ಡಿಶ್ ಕೇಬಲಿನ ತುದಿ ಟಿವಿಯಿಂದ ದೂರ ಇರಲಿ. ಗುಡುಗು ಶುರುವಾದ ನಂತರ ವೈರು ಮುಟ್ಟಲೇಬೇಡಿ. ಟಿವಿ ಹೋದರೆ ಹೋಯಿತು.

ಸ್ಪೈಕ್ ಗಾರ್ಡ್ ಹಾಕಿದ್ದೇನೆ ಎನ್ನುವವರಿಗೆ ಒಂದು ಪ್ರಶ್ನೆ: ಮನೆಗೆ ಅರ್ಥಿಂಗ್ ಸರಿ ಇದೆಯೇ? ಅರ್ಥಿಂಗ್ ಇಲ್ಲದ ಸ್ಪೈಕ್ ಗಾರ್ಡ್ ಹೆಚ್ಚುಕಮ್ಮಿ ಎಕ್ಸ್‌ಟೆನ್ಷನ್ ಬೋರ್ಡಿನ ಹಾಗೆಯೇ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಕೆಲಸ ಕೆಡಿಸುತ್ತದೆ. ಮಾರ್ಚಿಯಿಂದ ಅರ್ಥಿಂಗ್ ಗುಂಡಿಗೆ ವಾರಕ್ಕೆ ಎರಡು ಕೊಡ ನೀರು ಹೊಯ್ಯಿರಿ. ಸ್ಟೆಬಿಲೈಸರ್ ಬೇಕೇ ಅಂತ ಎಲ್ಲರೂ ಕೇಳುತ್ತಾರೆ. ಟಿವಿಯ ಹಿಂದಿನ ಚೀಟಿಯಲ್ಲಿ 100–240 ವೋಲ್ಟ್ ಎಂದಿದ್ದರೆ ಸಾಧಾರಣ ಏರಿಳಿತಕ್ಕೆ ಬೇಡ. ಆ ದುಡ್ಡಿಗೆ ರೂಟರಿಗೊಂದು ಮಿನಿ ಯುಪಿಎಸ್ ತನ್ನಿ.

ಹಂತ 8: ಸೆಟ್ಟಿಂಗ್

ಎಲ್ಲ ಜೋಡಿಸಿದ ಮೇಲೂ ಅರ್ಧ ಮನೆಗಳಲ್ಲಿ ಬಾಕ್ಸ್ 576ರಲ್ಲೇ ಕೂತಿರುತ್ತದೆ. ಬಾಕ್ಸಿನ ಮೆನುವಿನಲ್ಲಿ ರೆಸಲ್ಯೂಶನ್ 1080ಐ ಅಥವಾ 1080ಪಿ, ಆಕಾರ 16:9 ಎಂದು ಇಡಿ. ಟಿವಿಯ ಚಿತ್ರದ ಅಳತೆಯನ್ನು "ಜಸ್ಟ್ ಸ್ಕ್ಯಾನ್" ಅಥವಾ "ಸ್ಕ್ರೀನ್ ಫಿಟ್" ಎಂಬುದಕ್ಕೆ ಹಾಕಿ. ಇಲ್ಲದಿದ್ದರೆ ಅಂಚು ಕತ್ತರಿಸಿ ಹಿಗ್ಗಿಸುತ್ತದೆ. ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದು ಇಟ್ಟ "ವಿವಿಡ್" ಬಿಟ್ಟು "ಸಿನಿಮಾ" ಅಥವಾ "ಸ್ಟ್ಯಾಂಡರ್ಡ್" ಆರಿಸಿ. ಎರಡು ದಿನ ಮಂಕು ಅನ್ನಿಸುತ್ತದೆ, ಮೂರನೇ ದಿನ ಹಳೆಯದು ಅಸಹ್ಯ ಅನ್ನಿಸುತ್ತದೆ.

ನಿಜವಾಗಿ ಎಚ್‌ಡಿ ಬಂತೇ ಎಂದು ತಿಳಿಯಲು ಟಿವಿಯ ರಿಮೋಟಿನಲ್ಲಿ "ಇನ್ಫೋ" ಒತ್ತಿ. 1920 × 1080 ಎಂದು ತೋರಿಸಬೇಕು. ಆದರೆ ಇದು ಬಾಕ್ಸ್ ಕಳಿಸಿದ್ದನ್ನು ಹೇಳುತ್ತದೆಯೇ ಹೊರತು ಚಾನೆಲ್ ಎಚ್‌ಡಿಯೇ ಎಂದಲ್ಲ. ಅದಕ್ಕೆ ಕಣ್ಣೇ ಬೇಕು. ಕ್ರಿಕೆಟ್ಟಿನ ಸ್ಕೋರ್ ಪಟ್ಟಿಯ ಸಣ್ಣ ಅಕ್ಷರದ ಅಂಚು ನೋಡಿ. ಚೆನ್ನಾಗಿ ಚಿತ್ರೀಕರಿಸಿದ ಯಕ್ಷಗಾನ ಸಿಕ್ಕಿದರೆ ಇನ್ನೂ ಒಳ್ಳೆಯದು. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದಲ್ಲಿ ಅಕ್ಕಿಹಿಟ್ಟಿನಿಂದ ಇಡುವ ಚುಟ್ಟಿಯ ಒಂದೊಂದು ಬಿಳಿ ಮುಳ್ಳೂ ಬೇರೆ ಬೇರೆಯಾಗಿ ಎದ್ದು ಕಾಣಬೇಕು. ಬಿಳಿ ಗೀಟಿನ ಹಾಗೆ ಕೂಡಿಕೊಂಡರೆ ಎಲ್ಲೋ ಒಂದು ಕಡೆ ಸಾದಾ ಉಳಿದಿದೆ. ಹಂತ 4ಕ್ಕೆ ಹಿಂದಿರುಗಿ.

ಈ ಲಕ್ಷಣ ಕಂಡರೆ ತಡ ಮಾಡಬೇಡಿ

ಕೆಲವು ಚಾನೆಲ್ ಮಾತ್ರ ಹೋಗಿ ಉಳಿದವು ಸರಿ ಇದ್ದರೆ ಕೇಬಲಿನ ತುದಿ ತುಕ್ಕು ಹಿಡಿದಿರಬಹುದು. ಬಾಕ್ಸ್ ಇದೇ ಕೇಬಲಿನಲ್ಲಿ ಎಲ್‌ಎನ್‌ಬಿಗೆ 13 ಮತ್ತು 18 ವೋಲ್ಟ್ ಬದಲಿಸಿ ಕಳಿಸುತ್ತದೆ. ತುಕ್ಕಿನಿಂದ 18 ಸರಿಯಾಗಿ ತಲುಪದಿದ್ದರೆ ಒಂದು ಗುಂಪು ಚಾನೆಲ್ ಪೂರ್ತಿ ಮಾಯ. ತುದಿ ಬಿಚ್ಚಿ ನೋಡಿ. ನಡುವಿನ ತಂತಿ ಹೊಳೆಯುವ ಬದಲು ಹಸಿರು ಅಥವಾ ಕಪ್ಪಾಗಿದ್ದರೆ ಒಂದು ಗೇಣು ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ.

ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಸ್ಟ್ರೆಂತ್, ಕ್ವಾಲಿಟಿ ಎಂದು ಎರಡು ಪಟ್ಟಿ ಬರುತ್ತವೆ. ಕ್ವಾಲಿಟಿಯನ್ನೇ ನಂಬಿ. ಹೊಸದಾಗಿ ಕೂರಿಸಿದ ದಿನದ ಅಂಕಿಯನ್ನು ಬಾಕ್ಸಿನ ಅಡಿಗೆ ಚೀಟಿ ಅಂಟಿಸಿ ಬರೆದಿಡಿ. ಬಿಸಿಲಿನ ದಿನವೂ ಅದು ಇಳಿಯುತ್ತಿದ್ದರೆ ಡಿಶ್ ಅಲುಗಿದೆ ಅಥವಾ ನೀರು ಹೊಕ್ಕಿದೆ.

ಬಾಕ್ಸ್ ಮುಟ್ಟಲಾಗದಷ್ಟು ಬಿಸಿಯಾಗಿ ತಾನೇ ಆಫ್ ಆದರೆ ಬಾಗಿಲಿರುವ ಶೋಕೇಸಿನಿಂದ ಹೊರಗೆ ತೆಗೆಯಿರಿ. ಬಾಕ್ಸಿನೊಳಗೆ ಇರುವೆ ಸಾಲು ಹೋಗುತ್ತಿದ್ದರೆ ಪ್ಲಗ್ ಕಿತ್ತು, ಒಂದು ದಿನ ಒಣಜಾಗದಲ್ಲಿ ಬಿಡಿ. ಸ್ಪ್ರೇ ಹೊಡೆಯಬೇಡಿ. ಟಿವಿಯ ಲೋಹದ ಭಾಗ ಮುಟ್ಟಿದಾಗ ಜುಂ ಅಂದರೆ ಟಿವಿಯವರಿಗಲ್ಲ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಡಿಶ್‌ನ ಬೋಲ್ಟು, ರಬ್ಬರ್ ಟೇಪು, ಕೇಬಲಿನ ಜೋತು, ತಟ್ಟೆಗೆ ತಾಗುವ ಗರಿ, ಈ ನಾಲ್ಕನ್ನು ಪ್ರತಿ ವರ್ಷ ಮೇ 20ರ ಒಳಗೆ ಒಮ್ಮೆ ನೋಡಿಬಿಡಿ. ಜೂನ್ ಬಂದು ಟೆರೇಸಿನಲ್ಲಿ ಪಾಚಿ ಕಟ್ಟಿದ ಮೇಲೆ ಡಿಶ್‌ನವರೂ ಮೇಲೆ ಹತ್ತಲು ಒಪ್ಪುವುದಿಲ್ಲ. ನೀವೂ ಹತ್ತಬೇಡಿ.